ಷರಾ

ಮೇಲಿನಿಂದ ನಮೂನೆ ಬಂದಿದೆ.
ನಾಳೆ ಸಂಜೆ ಐದಕ್ಕೆ ಕಡೇ ಗಡುವು.
ಆಲೂರಿನ ಈ ಬಿ.ಎ. ಕಾಲೇಜಿಗೆ
ನಾನು ದ್ವಿತೀಯ ದರ್ಜೆ ಗುಮಾಸ್ತೆ.
ಪ್ರಥಮ ದರ್ಜೆಯ ಕುರ್ಚಿ ಹನ್ನೊಂದು ವರ್ಷದಿಂದ ಖಾಲಿ,
ಅದರ ಮೇಲೆ ಉತ್ತರಪತ್ರಿಕೆಯ ಮೂಟೆ ಕೂತಿದೆ.

ಸೇರಿದವರು ಐವತ್ತೆಂಟು.
ಅದರಲ್ಲಿ ಹೆಣ್ಣು ಮೂವತ್ತೊಂಬತ್ತು.
ಪ್ರವರ್ಗ ಒಂದು, ಎರಡು ಎ, ಎರಡು ಬಿ, ಮೂರು ಎ,
ಪರಿಶಿಷ್ಟ ಜಾತಿ, ಪಂಗಡ...
ನಾಲ್ವರ ಬೆಂಚಿನಲ್ಲಿ ಆರು ಜನ ಒತ್ತಿ ಕೂತವರನ್ನು
ಒಬ್ಬೊಬ್ಬರನ್ನೇ ಎಬ್ಬಿಸಿ
ಚೌಕಾಬಾರದ ಕಾಯಿಯ ಹಾಗೆ
ಅವರವರ ಮನೆಗೆ ಕಳಿಸುತ್ತಿದ್ದೇನೆ.

ಎರಡನೇ ವರ್ಷಕ್ಕೆ ನಲವತ್ತೊಂದು.
ಮೂರನೆಯದಕ್ಕೆ ಮೂವತ್ತಮೂರು.
'ಉಳಿಕೆಯ ಪ್ರಮಾಣ' ಎಂದು ಕೇಳಿದ್ದಾರೆ.
ಉಳಿಕೆ ಅಂದರೆ ನಮ್ಮಲ್ಲಿ
ರಾತ್ರಿ ಎಲ್ಲರೂ ಉಂಡ ಮೇಲೆ
ತಳದಲ್ಲಿ ಮಿಕ್ಕ ಸಾರು.

'ಕಾರಣ ಕೇಳಿಲ್ಲ ಜಯಶೀಲಮ್ಮ, ಸಂಖ್ಯೆ ಹಾಕಿ ಸಾಕು'
ಅಂದರು ಪ್ರಭಾರ ಪ್ರಾಂಶುಪಾಲರು.
ಸರಿ.
ಆದರೆ ನನ್ನ ಹಳೇ ದಾಖಲಾತಿ ಪುಸ್ತಕದಲ್ಲಿ,
ರಟ್ಟು ಕಿತ್ತು ಟೇಪು ಅಂಟಿಸಿದ್ದರಲ್ಲಿ,
ಕೊನೆಗೊಂದು ಅಂಕಣವಿದೆ, ಒಂದಂಗುಲ ಅಗಲ:
ಷರಾ.

ಏಳು. ತೀರ್ಥಕುಮಾರ, ಮಗ್ಗೆ.
ಶುಂಠಿ ಕೀಳಲು ಹೋದ, ಸೋಮವಾರ ಬರುವೆನೆಂದ.
ಯಾವ ಸೋಮವಾರ ಎಂದು ಬರೆದುಕೊಳ್ಳಲಿಲ್ಲ.
ಹದಿನಾಲ್ಕರಿಂದ ಹದಿನೆಂಟು, ಪಾಳ್ಯದ ಐದು ಹುಡುಗಿಯರು:
ಗಾರ್ಮೆಂಟ್ಸ್ ಬಸ್ಸು.
ಅದು ಆರು ಗಂಟೆಗೆ ಸರಿಯಾಗಿ ಬರುತ್ತದೆ,
ಪಾಸ್ ಕೇಳುವುದಿಲ್ಲ.
ನಮ್ಮ ಬಸ್ಸು? ಕುಂದೂರಿನ ಬೆಳಗಿನ ಟ್ರಿಪ್ಪು ನಿಂತ ತಿಂಗಳು
ಒಬ್ಬಳ ಮುಂದೆ ಬರೆದೆ: ಬಸ್ಸಿಲ್ಲ.
ಕೆಳಗೆ ಸದರಿ.
ಸದರಿ.
ಸದರಿ.
ಇಪ್ಪತ್ತಾರು, ಸೆಲ್ವಮಣಿ, ಹೊಸಕೋಟೆ ಕಡೆಯ ಲೈನ್ ಮನೆ:
ಅಪ್ಪನಿಗೆ ಎಸ್ಟೇಟ್ ಬದಲು.
ಟಿ.ಸಿ. ಒಯ್ಯಲು ಬಂದವನು ಕೈಕಟ್ಟಿ ನಿಂತು ಕೇಳಿದ:
'ಮುಂದಿನ ಊರಲ್ಲೂ ಇತಿಹಾಸ ಇರ್ತದಾ ಮೇಡಂ?'

ಟಿ.ಸಿ.ಯಲ್ಲಿ ನಾನು ಬರೆಯುವುದು ಒಂದೇ: ನಡತೆ, ತೃಪ್ತಿಕರ.
ಬಿಟ್ಟು ಹೋದ ಅಷ್ಟೂ ಮಂದಿಯ ನಡತೆ ತೃಪ್ತಿಕರ.
ಬಸ್ಸು ನಿಲ್ಲಿಸಿದವರ ನಡತೆಗೆ
ಯಾವ ಕಾಗದದಲ್ಲೂ ಜಾಗವಿಲ್ಲ.

ಪಾಸಾದವರ ಮುಂದೆ ಷರಾ ಖಾಲಿ.
ಮುಬೀನಾ ತಾಜ್ ಕಾಲೇಜಿಗೇ ಮೊದಲು,
ಅವಳ ಸಾಲಿನಲ್ಲಿ ಏನೂ ಇಲ್ಲ, ಬಿಳೀ ಕಾಗದ.
ನೋಡಿದವರು ಏನೂ ನಡೆಯಲಿಲ್ಲ ಅಂದುಕೊಂಡಾರು.

ತೇರ್ಗಡೆ ಇಪ್ಪತ್ತೇಳು.
ಐವತ್ತೆಂಟರಿಂದ ಭಾಗಿಸಿದರೆ
ನಲವತ್ತಾರು ಪಾಯಿಂಟ್ ಐದು ಐದು.
ಕ್ಯಾಲ್ಕುಲೇಟರ್ ಹಿಡಿದುಕೊಂಡೇ ಯೋಚಿಸಿದೆ,
ಅರ್ಧಕ್ಕಿಂತ ಚೂರು ಹೆಚ್ಚಿರುವ
ಈ ಮನುಷ್ಯ ಯಾರು?

ದಾಕ್ಷಾಯಿಣಿ ಇರಬೇಕು. ರಾಯರಕೊಪ್ಪಲು.
ಎಲ್ಲ ಪೇಪರೂ ಬರೆದಳು. ಕಡೆಯದು, ಅರ್ಥಶಾಸ್ತ್ರ,
ಅವತ್ತೇ ಹಾಸನದ ಎಪಿಎಂಸಿಯಲ್ಲಿ
ಬಿತ್ತನೆ ಆಲೂಗಡ್ಡೆಯ ಸರದಿ ಬಂತು.
ಅಪ್ಪನ ಕಾಲಿಗೆ ಪ್ಲಾಸ್ಟರು.
ಚೀಟಿ ಹಿಡಿದು ಮಧ್ಯಾಹ್ನದವರೆಗೆ ನಿಂತಳಂತೆ,
ದರ ಏರಿದ್ದನ್ನು ನೋಡುತ್ತ, ಕೈಯಲ್ಲಿ ಹಾಲ್ ಟಿಕೆಟ್ಟು.
ಆಮೇಲೊಮ್ಮೆ ಕಿಟಕಿಗೆ ಬಂದು
ಒಂದು ಸಬ್ಜೆಕ್ಟಿಗೆ ಫೀಸೆಷ್ಟು ಕೇಳಿದಳು.
ಹೇಳಿದೆ.
ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ
ಮೊಬೈಲಿನ ಕವರಿನೊಳಗೆ ತುರುಕಿಕೊಂಡಳು.
ಆಲೂಗಡ್ಡೆ ಹೇಗಿದೆ ಅಂದೆ.
'ಅಂಗಮಾರಿ ಮೇಡಂ' ಅಂದು ನಕ್ಕಳು.

ನಮೂನೆ ಒಪ್ಪಲಿಲ್ಲ. ಕೆಂಪಗಾಯಿತು:
ಶೇಕಡಾವಾರು ಪೂರ್ಣಾಂಕದಲ್ಲಿರಲಿ.
ನಲವತ್ತೇಳು ಎಂದು ಒತ್ತಿದೆ.
ಹಸಿರಾಯಿತು.
ಅಷ್ಟರ ಮಟ್ಟಿಗೆ ದಾಕ್ಷಾಯಿಣಿ ಪಾಸು,
ಅವಳಿಗೆ ಗೊತ್ತಿಲ್ಲದೆ, ಸರ್ಕಾರದ ಲೆಕ್ಕದಲ್ಲಿ.

ಪುಸ್ತಕದಲ್ಲಿ ಮಾತ್ರ ಅವಳ ಷರಾವನ್ನು
ಪೆನ್ಸಿಲ್ಲಿನಲ್ಲಿ ಬರೆದಿದ್ದೇನೆ.
ಫೀಸು ಕಟ್ಟಲು ಇಪ್ಪತ್ತೆರಡು ಕೊನೆ.
ಇವತ್ತು ಹದಿನೇಳು.
ರಬ್ಬರು ಎಲ್ಲಿಟ್ಟೆನೋ,
ಹುಡುಕಬೇಕು.